ಮೊಡವೆ ಎಣಿಸುವ ಕೋಣೆ

ಪುಟ್ಟಿಗೆ ಮೂವತ್ತೆರಡು ತುಂಬಿದ್ದರೂ ಅವಳ ಮುಖಕ್ಕೆ ಮಾತ್ರ ಇನ್ನೂ ಹದಿನೇಳು ದಾಟಿರಲಿಲ್ಲ. ಹಾಗೆ ಹೇಳಿ ನಗುತ್ತಿದ್ದವಳು ಅವಳ ಅತ್ತಿಗೆ. ಹಣೆಯ ತುಂಬ ಸಣ್ಣ ಸಣ್ಣ ಬಿಳಿ ಕಾಳು, ಎರಡೂ ಕೆನ್ನೆಗೆ ಕೆಂಪು ಗುಳ್ಳೆ, ಗದ್ದದ ಅಂಚಿನಲ್ಲಿ ಮುಟ್ಟಿದರೆ ಜೀವ ಹೋಗುವಂಥ ಗಂಟು. ಓರಗೆಯವರಿಗೆಲ್ಲ ಬಂದು ಹೋದ ಮೊಡವೆ ಇವಳ ಮುಖದಲ್ಲಿ ಠಿಕಾಣಿ ಹೂಡಿಬಿಟ್ಟಿತ್ತು. "ವಯಸ್ಸು ಕಳೀಲಿ, ತಾನಾಗೇ ಹೋಗುತ್ತೆ" ಅಂದರು, ವಯಸ್ಸು ಕಳೆಯಿತು. "ಮದುವೆ ಆಗ್ಲಿ, ಹೋಗುತ್ತೆ" ಅಂದರು. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಫೋಟೋ ಕಳಿಸಿದ ಮೇಲೆ ಸದ್ದಿಲ್ಲದೆ ನಿಂತುಹೋಯಿತು.

ಅಮ್ಮ ಇದ್ದಷ್ಟು ದಿನ, ಸಂಜೆಯಾದರೆ ಅವಳನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು, ಗದ್ದ ಹಿಡಿದೆತ್ತಿ, ನಿಂಬೆರಸವೋ ಜೇಡಿಮಣ್ಣೋ, ಯಾರು ಏನು ಹೇಳಿದ್ದರೋ ಅದನ್ನು ಹಚ್ಚುತ್ತಿದ್ದಳು. ಮೊಡವೆ ಅದಕ್ಕೆಲ್ಲ ಕ್ಯಾರೇ ಅನ್ನಲಿಲ್ಲ. ಆದರೆ ಅಮ್ಮನೂ ಬಿಡಲಿಲ್ಲ, ಮಗಳೂ ಬೇಡ ಅನ್ನಲಿಲ್ಲ. ಆ ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಅಣ್ಣ ಅತ್ತಿಗೆ ಬೇರೆ ಊರಿನಲ್ಲಿದ್ದರು. ಭಾನುವಾರ ಫೋನ್ ಮಾಡಿ ಅಣ್ಣ "ಎಲ್ಲ ಸರಿ ತಾನೆ?" ಅನ್ನುವನು, ಇವಳು "ಎಲ್ಲ ಸರಿ" ಅನ್ನುವಳು, ಅಲ್ಲಿಗೆ ವಾರದ ಮಾತು ಮುಗಿಯುತ್ತಿತ್ತು. ಮಹಡಿಯ ಮೇಲಿನ ಆ ಎರಡು ಕೋಣೆಯ ಮನೆಯಲ್ಲಿ ಅಮ್ಮನ ಪಾತ್ರೆಗಳು ಕಪಾಟಿನಲ್ಲೇ ಇದ್ದವು. ಒಬ್ಬಳಿಗಾಗಿ ಯಾರು ಒಲೆ ಹಚ್ಚುತ್ತಾರೆ? ಬೆಳಿಗ್ಗೆ ಟೀ, ಬ್ರೆಡ್ಡು. ಸಂಜೆ ಬ್ರೆಡ್ಡು, ಟೀ. ಅದೂ ನಿಂತುಕೊಂಡೇ.

ಅವಳ ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಹೋಟೆಲುಗಳ, ಆಸ್ಪತ್ರೆಯ ಬೆಡ್‌ಶೀಟುಗಳು ಗಾಡಿಗಟ್ಟಲೆ ಬರುತ್ತಿದ್ದವು. ಒಗೆದು ಹಿಂಡಿದ ಮೇಲೆ ಗೋಡೆಯುದ್ದದ ಬಿಸಿ ಉರುಳೆಯ ಕೆಳಗೆ ಹೊಕ್ಕು ಈಚೆ ಬಂದದ್ದನ್ನು ಇಬ್ಬರು ಹಿಡಿದು ಮಡಿಸಬೇಕು. ಪುಟ್ಟಿ ಒಂದು ತುದಿ; ಇನ್ನೊಂದು ತುದಿ ದೊಡ್ಡಕ್ಕನದು. ದೊಡ್ಡಕ್ಕ ಯಾರಿಗೂ ಅಕ್ಕನಲ್ಲ, ಅಲ್ಲಿ ಎಲ್ಲರಿಗಿಂತ ಹಳಬಳು, ಅಷ್ಟೆ. ಯಂತ್ರದ ಗದ್ದಲದಲ್ಲಿ ವರ್ಷಗಟ್ಟಲೆ ನಿಂತು ಅವಳ ಕಿವಿ ಅರ್ಧ ಹೋಗಿತ್ತು. ಇಬ್ಬರೂ ದಿನಕ್ಕೆ ನೂರಾರು ಸಲ ಎದುರುಬದುರಾಗಿ ನಡೆದು ಬಂದು, ತುದಿಗೆ ತುದಿ ಕೂಡಿಸಿ, ಮತ್ತೆ ಹಿಂದೆ ಸರಿಯುವರು. ಮಾತಿಲ್ಲ. ಸಿಟ್ಟಿನಿಂದಲ್ಲ, ಕೇಳಿಸುವುದಿಲ್ಲ ಅಂತ.

ಒಂದು ದಿನ ಹರಿದ ಬೆಡ್‌ಶೀಟಿನ ತಕರಾರು ಬಗೆಹರಿಸಲು ಮೇಸ್ತ್ರಿ ಅವಳನ್ನು ಆಸ್ಪತ್ರೆಗೆ ಕಳಿಸಿದ. ಅಲ್ಲಿ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದರು. ಮೊಡವೆಗೂ ರಕ್ತದಲ್ಲಿರುವ ಸತುವಿಗೂ ಸಂಬಂಧ ಇದೆಯೇ ಎಂದು ಚರ್ಮದ ವಿಭಾಗದವರು ಅಧ್ಯಯನ ಮಾಡುತ್ತಿದ್ದಾರೆ, ಬಹಳ ಕಾಲದಿಂದ ಮೊಡವೆ ಇರುವವರು ಬರಬಹುದು ಎಂದಿತ್ತು. ಪುಟ್ಟಿ ಅತ್ತಿತ್ತ ನೋಡಿ ಅದನ್ನು ಇನ್ನೊಮ್ಮೆ ಓದಿದಳು. ಜೀವನದಲ್ಲಿ ಮೊದಲ ಸಲ ಅವಳ ಮುಖ ಯಾರಿಗೋ ಬೇಕಾಗಿತ್ತು.

ಅಧ್ಯಯನ ನಡೆಸುತ್ತಿದ್ದ ಡಾಕ್ಟರು ಇನ್ನೂ ಎಳೆಯರು. ಮಾತಾಡುವಾಗ ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ.

"ಮೊಡವೆ ಜಾಸ್ತಿ ಇರೋರ ರಕ್ತದಲ್ಲಿ ಸತು ಕಡಿಮೆ ಇರುತ್ತೆ ಅಂತ ಕೆಲವರು ಹೇಳ್ತಾರೆ. ಹಾಗೇನಿಲ್ಲ ಅನ್ನೋರೂ ಇದಾರೆ. ಕಡಿಮೆ ಇರೋದ್ರಿಂದಾನೇ ಮೊಡವೆ ಬರುತ್ತೋ, ಎರಡಕ್ಕೂ ಬೇರೆ ಏನಾದ್ರೂ ಕಾರಣ ಇದೆಯೋ, ಅದೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ನಿಮ್ಮನ್ನ ಕರೀತಾನೇ ಇರ್ಲಿಲ್ಲ."

"ಸತು ಅಂದ್ರೆ... ಬಕೆಟ್ಟಿಗೆ ಬಳೀತಾರಲ್ಲ, ಅದೇನಾ?"

"ಅದೇ, ಜಿಂಕ್. ಬಕೆಟ್ ತುಕ್ಕು ಹಿಡೀಬಾರ್ದು ಅಂತ ಬಳೀತಾರೆ. ಮೈಗೂ ಚೂರು ಬೇಕು. ನಾವೂ ನೀವೂ ಬಕೆಟ್ಟಿಗಿಂತ ಏನೂ ದೊಡ್ಡವರಲ್ಲ" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಅವಳ ರಕ್ತದಲ್ಲಿ ಸತು ಕಡಿಮೆಯೇ ಇತ್ತು. ದಿನಕ್ಕೊಂದು ಮಾತ್ರೆ, ಊಟದ ಮೇಲೆ. ಮೂರು ವಾರಕ್ಕೊಮ್ಮೆ ಬಂದು ರಕ್ತ ಕೊಡಬೇಕು, ಮೊಡವೆ ಎಣಿಸಿಕೊಳ್ಳಬೇಕು.

ಎಣಿಸುವ ಕೋಣೆ ಪಡಸಾಲೆಯ ಕೊನೆಯಲ್ಲಿತ್ತು. ಒಂದು ಎತ್ತರದ ಕುರ್ಚಿ, ಬಗ್ಗಿಸಬಹುದಾದ ದೀಪ, ಐವತ್ತರ ಆಸುಪಾಸಿನ ಒಬ್ಬ ಸಿಸ್ಟರ್. ಬಾಯಲ್ಲಿ ಸದಾ ಒಂದು ಲವಂಗ. ಎಡಗೈಯಲ್ಲಿ, ಗುಂಡಿ ಒತ್ತಿದರೆ ಟಿಕ್ ಎನ್ನುವ ಎಣಿಕೆಯ ಡಬ್ಬಿ. ಬಲಗೈಯ ಎರಡು ಬೆರಳಿನಿಂದ ಪುಟ್ಟಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ತೆಳುವಾದ ಕೈಗವಸಿನ ಆಚೆಯಿಂದಲೂ ಬೆರಳು ಬೆಚ್ಚಗಿತ್ತು.

"ಅಲ್ಲಾಡಬೇಡಮ್ಮ. ನಾನು ಎಣಿಕೆ ತಪ್ಪಿದ್ರೆ ಮತ್ತೆ ಹಣೆಯಿಂದ ಶುರುಮಾಡ್ಬೇಕು."

ಮೊದಲು ಹಣೆ, ಆಮೇಲೆ ಬಲಗೆನ್ನೆ, ಎಡಗೆನ್ನೆ, ಮೂಗು, ಗದ್ದ. ಒಂದೊಂದು ಗುಳ್ಳೆಯ ಹತ್ತಿರವೂ ಬೆರಳು ಬಂದು ನಿಂತು, ಟಿಕ್ ಎಂದು, ಮುಂದೆ ಹೋಗುತ್ತಿತ್ತು. ಜನ ನೋಡಿಯೂ ನೋಡದ ಹಾಗೆ ದಾಟುವ ಮುಖವನ್ನು ಒಬ್ಬರು ಹೀಗೆ ಬೆರಳೂರಿ ಓದುತ್ತಿದ್ದಾರೆ. ಪುಟ್ಟಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನ ತುದಿಯಲ್ಲಿ ನೀರು ಬಂತು.

"ನೋಯ್ತಾ?"

"ಇಲ್ಲ ಸಿಸ್ಟರ್. ದೀಪ... ಕಣ್ಣಿಗೆ ಹೊಡೀತು."

ಮೊದಲ ವಾರವೇ ಒಂದು ಎಡವಟ್ಟಾಯಿತು. ಬೆಳಿಗ್ಗೆ ಬರೀ ಟೀಯ ಮೇಲೆ ಮಾತ್ರೆ ನುಂಗಿ ಹೋದವಳಿಗೆ ಲಾಂಡ್ರಿಯಲ್ಲಿ ಹೊಟ್ಟೆ ತೊಳಸಿ, ಬೆಡ್‌ಶೀಟು ಕೈಬಿಟ್ಟು ಮೋರಿಯತ್ತ ಓಡಿದಳು. ಮರುದಿನವೂ ಅದೇ ಕಥೆ. ಮೇಸ್ತ್ರಿ ಹುಬ್ಬು ಹಾರಿಸಿದ. ಇಸ್ತ್ರಿಯವರ ಗುಂಪು ಗುಸುಗುಸು ಮಾಡಿತು. ದೊಡ್ಡಕ್ಕ ಮಾತ್ರ ಕಿವುಡರ ದೊಡ್ಡ ದನಿಯಲ್ಲಿ ಎಲ್ಲರಿಗೂ ಕೇಳುವಂತೆಯೇ ಕೇಳಿಬಿಟ್ಟಳು:

"ಏನೇ, ವಿಶೇಷನಾ?"

"ಅಯ್ಯೋ, ಮಾತ್ರೆ ದೊಡ್ಡಕ್ಕ! ಮೊಡವೆಗೆ ಮಾತ್ರೆ!"

"ಯಾತ್ರೆನಾ? ಯಾರ ಜೊತೆ?"

ಅದು ನಾಲ್ಕು ದಿನ ಲಾಂಡ್ರಿಗೆಲ್ಲ ನಗೆಯ ವಸ್ತುವಾಯಿತು. ಮುಂದಿನ ಎಣಿಕೆಯ ದಿನ ಸಿಸ್ಟರ್ ಗದರಿದರು. "ಖಾಲಿ ಹೊಟ್ಟೇಲಿ ತಗೊಂಡ್ರೆ ಇನ್ನೇನಾಗುತ್ತೆ? ಮನೇಲಿ ಅಡುಗೆ ಮಾಡೋರು ಯಾರು?"

"ನಾನೇ."

"ನಿನಗೆ ಬಡಿಸೋರು?"

ಸಿಸ್ಟರ್ ಎಣಿಕೆಯ ಡಬ್ಬಿಯನ್ನು ಸೊನ್ನೆಗೆ ತಿರುಗಿಸುತ್ತಾ, "ಮನೇಲಿ ನಿನ್ನ ಏನಂತ ಕರೀತಾರೆ?" ಎಂದರು.

"ಅಮ್ಮ ಪುಟ್ಟಿ ಅಂತಿದ್ರು."

"ಸರಿ ಪುಟ್ಟಿ. ಇವತ್ತಿಂದ ಒಲೆ ಹಚ್ಚು. ನಿನಗೋಸ್ಕರ ಬೇಡ, ಆ ಮಾತ್ರೆಗೋಸ್ಕರ ಹಚ್ಚು."

ಹಾಗೆ ಮಾತ್ರೆಯ ನೆಪದಲ್ಲಿ ಅಮ್ಮನ ಪಾತ್ರೆಗಳು ಕಪಾಟಿನಿಂದ ಈಚೆ ಬಂದವು. ಒಂದು ಹಿಡಿ ಅಕ್ಕಿ, ಒಂದಿಷ್ಟು ಬೇಳೆ. ಮೊದಲ ದಿನ ಅಳತೆ ಸಿಗದೆ ಮೂವರಿಗಾಗುವಷ್ಟು ಮಾಡಿಟ್ಟಳು. ಆಮೇಲೆ ಅಳತೆ ಕೈಗೆ ಬಂತು. ಕೂತು ಉಣ್ಣುವ ಅಭ್ಯಾಸ ನಿಧಾನಕ್ಕೆ ಮರಳಿತು. "ಊಟ ಆಯ್ತಾ?" ಎಂದು ಸಿಸ್ಟರ್ ಕೇಳಿದಾಗ ಸುಳ್ಳು ಹೇಳಬೇಕಾಗಲಿಲ್ಲ.

ಸತುವೋ, ಅನ್ನವೋ, ಬೇಳೆಯೋ, ಯಾವುದು ಕೆಲಸ ಮಾಡಿತೋ, ಅಂತೂ ಮುಖ ತಿಳಿಯಾಗತೊಡಗಿತು. ರಕ್ತದಲ್ಲಿ ಸತು ಏರಿದೆ ಎಂದು ಡಾಕ್ಟರು ಖುಷಿಯಾಗಿ ಪೆನ್ನು ಕಚ್ಚಿದರು. ಹಣೆಯ ಕಾಳುಗಳು ಉದುರಿದವು, ಗದ್ದದ ಗಂಟು ಕರಗಿತು. ಪುಟ್ಟಿಗೂ ಹಿಗ್ಗು. ಕನ್ನಡಿಯ ಮುಂದೆ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. ಆದರೆ ಆ ಸಲ ಎಣಿಸುವ ಕೋಣೆಯಲ್ಲಿ ಸಿಸ್ಟರ್ ಬೆರಳು ಹಣೆಯ ಮೇಲೆ ಎಲ್ಲೂ ನಿಲ್ಲದೆ ಜಾರಿ ಹೋಯಿತು. ಕೆನ್ನೆಯಲ್ಲಿ ನಾಲ್ಕು ಟಿಕ್, ಗದ್ದದಲ್ಲಿ ಎರಡು. ಕುರ್ಚಿಯಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಎಣಿಕೆ ಮುಗಿದಿತ್ತು.

"ಭೇಷ್. ಇನ್ನೊಂದು ಸಲ ಬಂದ್ರೆ ಸಾಕು ನೀನು. ಆಮೇಲೆ ನಮ್ಮ ಕಾಟ ಇರಲ್ಲ" ಎಂದು ಸಿಸ್ಟರ್ ಅವಳ ಕೆನ್ನೆ ತಟ್ಟಿದರು.

ಮನೆಗೆ ಬಂದ ಪುಟ್ಟಿ ಒಲೆ ಹಚ್ಚಲಿಲ್ಲ. ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದು, ಕೊನೆಗೆ ಅದನ್ನು ಒಂದು ಖಾಲಿ ಡಬ್ಬಿಗೆ ಹಾಕಿ ಮುಚ್ಚಳ ಹಾಕಿದಳು. ನಾಳೆಯಿಂದ ತಗೊಂಡರಾಯಿತು ಎಂದುಕೊಂಡಳು. ನಾಳೆ ಬಂದಾಗಲೂ ಅದನ್ನೇ ಎಂದುಕೊಂಡಳು.

ಮುಂದಿನ ಸಲಕ್ಕೆ ಗದ್ದದ ಮೇಲೆ ಗುಳ್ಳೆಗಳು ಇಣುಕಿದ್ದವು. ಬರುವುದು ಈಗಲೇ ನಿಲ್ಲಿಸಬೇಡ ಎಂದರು. ಅದರ ಮುಂದಿನ ಸಲಕ್ಕೆ ಕೆನ್ನೆ ಕೆಂಪಾಗಿತ್ತು. ಸಿಸ್ಟರ್ ದೀಪವನ್ನು ಇನ್ನಷ್ಟು ಬಗ್ಗಿಸಿ, "ಅಯ್ಯೋ ಪುಟ್ಟಿ, ಇದೇನಾಗಿದೆ?" ಎಂದಾಗ ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಒಂದು ಗುಲಗಂಜಿ ಹೆಚ್ಚು ಸುಖವಾಯಿತು. ಬೆರಳು ಮತ್ತೆ ಒಂದೊಂದರ ಹತ್ತಿರವೂ ನಿಲ್ಲುತ್ತಿತ್ತು.

"ಮಾತ್ರೆ ಬಿಟ್ಟಿಲ್ಲ ತಾನೆ?" ಡಾಕ್ಟರು ಕೇಳಿದರು.

"ಇಲ್ಲ."

ಡಾಕ್ಟರು ಅವಳ ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. ಸತು ಮೊದಲಿದ್ದಷ್ಟೇ ಕೆಳಕ್ಕೆ ಇಳಿದಿತ್ತು. "ದಿನಾ ತಗೊಂಡೂ ಹೀಗೆ ಇಳೀತಿದೆ ಅಂದ್ರೆ ನಿಮ್ಮ ಕರುಳು ಅದನ್ನ ಹೀರಿಕೊಳ್ತಾ ಇಲ್ಲ. ಇದನ್ನ ಹಗುರವಾಗಿ ಬಿಡೋ ಹಾಗಿಲ್ಲ." ಇನ್ನಷ್ಟು ರಕ್ತ ತೆಗೆಸಿದರು. ಬೇರೆ ಡಾಕ್ಟರಿಗೆ ತೋರಿಸಿದರು. ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆ, ಕರುಳು ನೋಡಬೇಕು ಎಂದು ದಿನ ಗೊತ್ತು ಮಾಡಿದರು. ಪುಟ್ಟಿ ಪ್ರತಿ ಸಲವೂ ನಿಜ ಹೇಳಿಬಿಡಬೇಕೆಂದು ಹೋದಳು, ಪ್ರತಿ ಸಲವೂ ರಕ್ತ ಕೊಟ್ಟು ವಾಪಸು ಬಂದಳು.

ಆ ದಿನ ಖಾಲಿ ಹೊಟ್ಟೆಯಲ್ಲಿ ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದಿದ್ದರು. ಅಣ್ಣನಿಗೆ ಹೇಳಿರಲಿಲ್ಲ, ದೊಡ್ಡಕ್ಕನಿಗೆ ಕೂಗಿ ಹೇಳುವ ವಿಷಯವಲ್ಲ. ಯಾರೋ ಬಂದು ಪಕ್ಕದಲ್ಲಿ ಕೂತರು. ಹೂವಿನ ಚಿತ್ತಾರದ ಉಡುಪಿನಲ್ಲಿದ್ದ ಆ ಹೆಂಗಸು ಸಿಸ್ಟರ್ ಎಂದು ಗೊತ್ತಾಗಲು ಲವಂಗದ ವಾಸನೆ ಬರಬೇಕಾಯಿತು.

"ಅರ್ಧ ದಿನ ರಜ ಹಾಕಿದೆ. ಒಬ್ಬಳೇ ಬರ್ತೀಯ ಅಂತ ಗೊತ್ತಿತ್ತು ನನಗೆ" ಎಂದು ಸಿಸ್ಟರ್ ಅವಳ ಕೈ ಹಿಡಿದುಕೊಂಡರು. ಕೈಗವಸಿಲ್ಲದ ಕೈ. ಎದುರಿನ ಗೋಡೆ ನೋಡುತ್ತಾ ಹೇಳಿದರು: "ನನ್ನ ತಂಗಿಗೂ ಹೀಗೇ ಶುರುವಾಗಿದ್ದು. ಏನು ತಿಂದ್ರೂ ಮೈಗೆ ಹತ್ತುತಾ ಇರ್ಲಿಲ್ಲ. ನಾವೆಲ್ಲ ತಮಾಷೆ ಮಾಡ್ತಿದ್ವಿ, ನಿನ್ನ ಹೊಟ್ಟೇಲಿ ಇಲಿ ಇದೆ ಕಣೆ ಅಂತ. ಕರುಳಲ್ಲಿ ಇದ್ದದ್ದು ಇಲಿ ಅಲ್ಲ. ನಮಗೆ ಗೊತ್ತಾಗೋ ಹೊತ್ತಿಗೆ... ಬಿಡು. ನಿನಗೆ ಹಾಗೇನೂ ಆಗಿರಲ್ಲ. ಆದ್ರೂ ನಿನ್ನ ವರದಿ ನೋಡಿದಾಗಿಂದ ನನಗೆ ಅನ್ನ ಇಳೀತಿಲ್ಲ."

ಪುಟ್ಟಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಸಿಸ್ಟರ್, ನಾನು ಮಾತ್ರೆ ತಗೊಳ್ತಾ ಇಲ್ಲ."

"ಏನಂದೆ?"

"ನಿಲ್ಲಿಸಿಬಿಟ್ಟಿದೀನಿ. ಎಲ್ಲ ಡಬ್ಬೀಲಿದೆ."

ಸಿಸ್ಟರ್ ಅವಳ ಮುಖವನ್ನೇ ನೋಡಿದರು. ಗುಳ್ಳೆಗಳನ್ನಲ್ಲ, ಕಣ್ಣನ್ನು.

"ಯಾಕೆ? ವಾಂತಿ ಆಗ್ತಿತ್ತಾ?"

"ಇಲ್ಲ."

"ಮತ್ತೆ?"

"ಮುಖ ಸರಿಹೋದ್ರೆ ಬರೋದು ಬೇಡ ಅಂದ್ರಲ್ಲ." ಪುಟ್ಟಿಯ ದನಿ ಅವಳಿಗೇ ಕೇಳದಷ್ಟು ಸಣ್ಣದಾಗಿತ್ತು. "ನೀವು ಎಣಿಸ್ತೀರಲ್ಲ... ಅದಕ್ಕೆ."

ಸಿಸ್ಟರ್ ಹಿಡಿದ ಕೈಯನ್ನು ಬಿಟ್ಟರು. ಎಳೆದುಕೊಳ್ಳಲಿಲ್ಲ, ಮೆಲ್ಲಗೆ ಬಿಟ್ಟರು, ಅವಳ ಕೈಯನ್ನು ಅವಳ ಮಡಿಲಿನಲ್ಲೇ ಇಟ್ಟರು.

"ನಾನು ದಿನಕ್ಕೆ ಎಷ್ಟು ಮುಖ ಎಣಿಸ್ತೀನಿ ಗೊತ್ತಾ? ಸಂಜೆ ಮನೆಗೆ ಹೋದ್ರೆ ನನ್ನ ಗಂಡನ ಮುಖ ನೋಡೋಕೂ ಕಣ್ಣು ಏಳಲ್ಲ. ಅದು ನನ್ನ ಕೆಲಸ ಕಣಮ್ಮ. ನಾನು ನಿನ್ನನ್ನ ನನ್ನ ತಂಗಿ ಜಾಗದಲ್ಲಿ ಕೂರಿಸಿಕೊಂಡು ಒದ್ದಾಡ್ತಿದ್ದೆ. ನೀನು ಆರಾಮಾಗಿ ಡಬ್ಬಿ ತುಂಬಿಸ್ತಿದ್ದೆ."

ಎದ್ದು ಒಳಗೆ ಹೋಗಿ ಪರೀಕ್ಷೆ ಬೇಡವೆಂದು ಹೇಳಿ ಬಂದರು. ಮತ್ತೆ ಬೆಂಚಿನತ್ತ ನೋಡದೆ ಪಡಸಾಲೆಯುದ್ದಕ್ಕೂ ನಡೆದು ಹೋದರು. ತಟ್ಟನೆ ಪುಟ್ಟಿಗೆ ಹಸಿವು ಗೊತ್ತಾಯಿತು. ಅಂಥ ಹೊತ್ತಿನಲ್ಲಿ ಹಸಿವಾಗುತ್ತಿದೆಯಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಡಾಕ್ಟರು ಬೈಯಲಿಲ್ಲ. "ನಿಮ್ಮ ಲೆಕ್ಕ ಇನ್ನು ಅಧ್ಯಯನಕ್ಕೆ ಬರಲ್ಲ. ಮಾತ್ರೆ ಮಾತ್ರ ಮುಂದುವರಿಸಿ, ಹೇಳಿದ್ದಕ್ಕಿಂತ ಜಾಸ್ತಿ ಬೇಡ, ಅದೂ ಒಳ್ಳೇದಲ್ಲ" ಎಂದು ಚೀಟಿ ಬರೆದುಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಆಮೇಲಿನ ತಿಂಗಳುಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಪುಟ್ಟಿ ದಿನಾ ಒಲೆ ಹಚ್ಚಿದಳು, ಉಂಡಳು, ಮಾತ್ರೆ ನುಂಗಿದಳು. ಮೊಡವೆ ಬಂದ ಹಾಗೇ ಹೊರಟಿತು. ಮುಖದಲ್ಲಿ ಉಳಿದದ್ದು ಅಲ್ಲಲ್ಲಿ ಸಣ್ಣ ತಗ್ಗು, ಮಾಸಿದ ಕಲೆ. ಲಾಂಡ್ರಿಯ ಆವಿಯಲ್ಲಿ ಯಾರ ಮುಖವೂ ಯಾರಿಗೂ ಸರಿಯಾಗಿ ಕಾಣುತ್ತಿರಲಿಲ್ಲ, ಹಾಗಾಗಿ ಯಾರೂ ಏನೂ ಅನ್ನಲಿಲ್ಲ. ಏನೋ ಕೆಲಸದ ಮೇಲೆ ಬಂದ ಅಣ್ಣ, ಅತ್ತಿಗೆ ಒಂದು ಮಧ್ಯಾಹ್ನ ಮನೆಗೆ ಬಂದರು. ಅಣ್ಣ "ಸೊರಗಿದೀಯಲ್ಲೇ" ಎಂದ. ಅತ್ತಿಗೆ ಮಾತ್ರ ಅವಳ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಎಲ್ಲ ಹೋಗಿದೆ! ಏನು ಹಚ್ಚಿದೆ?"

"ಏನೂ ಇಲ್ಲ ಅತ್ತಿಗೆ. ಒಂದು ಮಾತ್ರೆ."

"ಅಯ್ಯೋ, ಇದು ಹತ್ತು ವರ್ಷ ಮೊದ್ಲು ಹೋಗಿದ್ರೆ ಎಷ್ಟು ಚೆನ್ನಾಗಿತ್ತು!"

ಅತ್ತಿಗೆ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಪುಟ್ಟಿ ಅವರಿಗೆ ಊಟ ಬಡಿಸಿದಳು, ಬಸ್ಸಿಗೆ ಬಿಟ್ಟು ಬಂದಳು. ವಾಪಸು ಬಂದು ಎಂಜಲು ತಟ್ಟೆಗಳನ್ನು ತೊಳೆಯುವಾಗ, ಮೂರು ತಟ್ಟೆ ಒಟ್ಟಿಗೆ ತೊಳೆದು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಹೊರಟು, ಅರ್ಧಕ್ಕೇ ಬಿಟ್ಟಳು.

ಮರುವಾರದ ರಜೆಯ ದಿನ ಅವಳು ಆಸ್ಪತ್ರೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಆದರೆ ಪಡಸಾಲೆಯ ಕೊನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಗಾಜಿನಿಂದ ಇಣುಕಿದರೆ ಎತ್ತರದ ಕುರ್ಚಿಯ ಮೇಲೆ ರಟ್ಟಿನ ಪೆಟ್ಟಿಗೆಗಳು. ಅಧ್ಯಯನ ಮುಗಿದಿದೆ, ಡಾಕ್ಟರು ಬೇರೆ ಕಡೆ ಹೋದರು ಎಂದು ಗುಡಿಸುವವಳು ಹೇಳಿದಳು.

"ಎಣಿಸ್ತಿದ್ದ ಸಿಸ್ಟರ್?"

"ಲವಂಗದಮ್ಮನಾ? ಮಕ್ಕಳ ವಾರ್ಡಿಗೆ ಹಾಕಿದಾರೆ. ಹಿಂದಿನ ಕಟ್ಟಡ, ಮೇಲ್ಗಡೆ."

ಪುಟ್ಟಿ ಮೆಟ್ಟಿಲ ಕೆಳಗೆ ನಿಂತಳು. ಇಷ್ಟಕ್ಕೇ ವಾಪಸು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಅದು ತಲೆಗೆ ಬಂದದ್ದೇ ತಡ, ಹತ್ತಿಬಿಟ್ಟಳು.

ವಾರ್ಡಿನಲ್ಲಿ ಅಳುವಿನ ಜಾತ್ರೆಯೇ ನೆರೆದಿತ್ತು. ಕಿಟಕಿಯ ಪಕ್ಕದ ಮಂಚದಲ್ಲಿ ನಾಲ್ಕು ವರ್ಷದ ಒಂದು ಹೆಣ್ಣು ಮಗು ಬಾಯಿ ತೆರೆಯಲೊಲ್ಲದೆ ಹಲ್ಲು ಕಚ್ಚಿಕೊಂಡೇ ಅಳುತ್ತಾ ಕೂತಿತ್ತು. ಸಿಸ್ಟರ್ ಒಂದು ಕೈಯಲ್ಲಿ ಅದರ ತಲೆ ಹಿಡಿದು, ಇನ್ನೊಂದರಲ್ಲಿ ನಾಲಿಗೆ ಒತ್ತುವ ಕಡ್ಡಿ ಹಿಡಿದು, ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದರು. ತಲೆಯೆತ್ತಿ ಪುಟ್ಟಿಯನ್ನು ನೋಡಿದರು. ಗುರುತು ಹತ್ತಲು ಒಂದು ಗಳಿಗೆ ಹಿಡಿಯಿತು. ಹಣೆ, ಕೆನ್ನೆ, ಗದ್ದ. ಕಣ್ಣು ಹಳೆಯ ದಾರಿಯಲ್ಲೇ ಇಳಿಯಿತು.

"ಸಿಸ್ಟರ್, ನಾನು..."

"ನನಗಿನ್ನೂ ನಿನ್ನ ಮೇಲೆ ಸಿಟ್ಟು ಹೋಗಿಲ್ಲ."

"ಗೊತ್ತು."

"ಗೊತ್ತಿದ್ರೆ ಸರಿ. ಸುಮ್ಮನೆ ನಿಂತಿದೀಯಲ್ಲ, ಈ ಟಾರ್ಚ್ ಹಿಡಿ. ಅದರ ಕಣ್ಣಿಗೆ ಬಿಡಬೇಡ, ಬಾಯಿಗೆ ಬಿಡು."

ಪುಟ್ಟಿ ಟಾರ್ಚ್ ತೆಗೆದುಕೊಂಡು ಮಂಚದ ಪಕ್ಕ ಬಗ್ಗಿದಳು. ಮಗು ಹೊಸ ಮುಖ ಕಂಡು ಅಳು ನಿಲ್ಲಿಸಿ, ಅವಳ ಕೆನ್ನೆಯ ಮೇಲಿನ ಒಂದು ತಗ್ಗನ್ನು ಬೆರಗಿನಿಂದ ನೋಡಿತು.

"ಆ ಅನ್ನು ಕಂದ" ಎಂದರು ಸಿಸ್ಟರ್.

ಮಗು ಬಾಯಿ ತೆರೆಯಲಿಲ್ಲ. ಪುಟ್ಟಿ ತಾನೇ ದೊಡ್ಡದಾಗಿ ಬಾಯಿ ತೆರೆದು "ಆ" ಎಂದಳು.